ಸೌತೆಕಾಯಿಗೆ ಸೋಪು ಹಾಕಿದವನ ಅಕ್ಕ

ಸರ್ಕಾರಿ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ತರಕಾರಿ ರುಬ್ಬಿ, ಅದರಲ್ಲಿ ಉಳಿದ ಕೀಟನಾಶಕ ಎಷ್ಟೆಂದು ಅಳೆಯುತ್ತಿದ್ದ ಅವಳಿಗೆ ಜೊತೆಯವರು ಇಟ್ಟ ಹೆಸರು ‘ತೊಳೆಯದಮ್ಮ’. ಕಾಯಿ ಅಂಗಡಿಯಲ್ಲಿ ಹೇಗಿತ್ತೋ ಹಾಗೇ ಯಂತ್ರಕ್ಕೆ ಹೋಗಬೇಕು, ಹನಿ ನೀರು ಸೋಕಕೂಡದು ಎಂಬುದು ನಿಯಮ. ಆ ವಿಷಯದಲ್ಲಿ ಅವಳದು ಉಡದ ಹಿಡಿತ. ಮನೆಯಲ್ಲಿ ಮಾತ್ರ ಟೊಮೆಟೊ ಸಿಪ್ಪೆ ಏಳುವಷ್ಟು ತಿಕ್ಕುತ್ತಿದ್ದಳು.

ಆ ವಾರ ಬಂದ ಸೌತೆಕಾಯಿ ಚೀಲದ ಮೇಲೆ ಎಂದಿನಂತೆ ಬರೀ ಸಂಖ್ಯೆ ಇತ್ತು. ಬಿಚ್ಚಿದರೆ ಮಣ್ಣಿನ ಕಣವಿಲ್ಲ, ಸೋಪಿನ ವಾಸನೆ ಮೂಗಿಗೆ ಬಡಿಯಿತು. ಯಾವನೋ ಬುದ್ಧಿವಂತ ಅಂಗಡಿಯವನು ಕೀಟನಾಶಕ ಹೋಗಲೆಂದು ಮೊದಲೇ ತೊಳೆದಿದ್ದಾನೆ ಎಂದು ನಕ್ಕಳು. ಆದರೆ ಆ ಔಷಧಿ ಸಿಪ್ಪೆಯ ಮೇಲೆ ನಿಲ್ಲುವಂಥದ್ದಲ್ಲ, ತಿರುಳಿಗೇ ಇಳಿಯುವಂಥದ್ದು. ಮಿತಿಯ ಆರು ಪಟ್ಟು ಬಂತು. ಮತ್ತೊಮ್ಮೆ ಅಳೆದಳು, ಅಷ್ಟೇ.

ಸಂಖ್ಯೆಗೆ ಅಂಗಡಿಯ ಹೆಸರು ಸೇರಿ ಪಾಸು-ಫೇಲಿನ ಪಟ್ಟಿ ತಯಾರಾದ ದಿನ ಅವಳು ಸೌತೆಕಾಯಿಯ ಸಾಲನ್ನು ಎರಡು ಸಲ ಓದಿದಳು. ಅಂಗಡಿ ಒಡಹುಟ್ಟಿದ ತಮ್ಮನದು. ಸಾಹೇಬರು ಕರೆದು ಮೆತ್ತಗೆ ಹೇಳಿದರು:

“ನೋಡಮ್ಮ, ಈ ಸಲ ಹೆಸರು ಬೇಡ, ‘ಒಂದು ಅಂಗಡಿ’ ಅಂತ ಹಾಕಿಬಿಡೋಣ. ಮನೆ ವಿಷಯ.”

“ಹೋದ ತಿಂಗಳು ಮೂಲೆ ಅಂಗಡಿ ತಾತನ ಹೆಸರು ಹಾಕಿದ್ವಲ್ಲ ಸಾರ್. ಅವರಿಗೆ ಮನೆ ಇರ್ಲಿಲ್ವಾ?”

ಮಾರುಕಟ್ಟೆ ಬಾಗಿಲಿಗೆ ಪಟ್ಟಿ ಅಂಟಿಸುವುದು ಜವಾನನ ಕೆಲಸ. ಅವನ ಕೈಯಿಂದ ಗೋಂದಿನ ಡಬ್ಬಿ ಕಿತ್ತುಕೊಂಡು ಅವಳೇ ಹೊರಟಳು. ಸಿಟ್ಟೋ ಸಂಕಟವೋ, ದಾರಿಯುದ್ದಕ್ಕೂ ಕಿವಿ ಬಿಸಿಯಾಗಿತ್ತು. ಅಂಟಿಸಿ ತಿರುಗುವಷ್ಟರಲ್ಲಿ ತಮ್ಮ ಓಡಿ ಬಂದ.

“ಅಕ್ಕಾ, ನನಗೇನು ಗೊತ್ತಿತ್ತು? ತೋಟದವನು ಕೊಟ್ಟಿದ್ದು ಮಾರಿದೆ.”

“ಗೊತ್ತಿಲ್ದೇನೇ ಸೋಪು ಹಾಕಿ ತೊಳೆದ್ಯಾ?”

ರೋಷ ಉಕ್ಕಿ ಅವನು ಹಾಳೆಯನ್ನು ಪರಪರ ಹರಿದ. ಅವಳು ಚೀಲದಿಂದ ಇನ್ನೊಂದು ತೆಗೆದಳು.

“ನಲವತ್ತು ಪ್ರತಿ ತಂದಿದ್ದೀನಿ ಕಣೋ. ನಿನ್ನ ಬುದ್ಧಿ ಚಿಕ್ಕಂದಿನಿಂದ ನೋಡಿಲ್ವಾ? ಹರಿ, ಯಾರ ಕೈ ಮೊದಲು ಸೋಲುತ್ತೋ ನೋಡೇಬಿಡೋಣ.”

ಕೊಳ್ಳಲು ಬಂದವರು ಸುತ್ತ ನಿಂತು ಓದತೊಡಗಿದರು. ತಮ್ಮನ ಕಣ್ಣು ತುಂಬಿತು.

“ಇನ್ನು ನನ್ನ ಅಂಗಡಿಗೆ ಯಾರು ಬರ್ತಾರಕ್ಕಾ?”

ಗೋಂದು ಬಳಿಯುವ ಅವಳ ಕೈ ನಿಲ್ಲಲಿಲ್ಲ.

“ಬೇರೆ ತೋಟದ ಕಾಯಿ ತರಿಸು. ಪಾಸಾದ್ರೆ ಇದೇ ಬಾಗಿಲಿಗೆ ನಿನ್ನ ಹೆಸರು ನಾನೇ ಅಂಟಿಸ್ತೀನಿ. ಫೇಲಾದ್ರೂ ನಾನೇ ಅಂಟಿಸೋದು.”