ತುಕ್ಕಿಲ್ಲ ಎಂದ ಹನ್ನೊಂದು ಕಾಗದಗಳು

ಕುಣಿಗಲ್ಲಿನ ಮೇಷ್ಟರ ಮಗಳು ಕೌಸಲ್ಯ ರೈಲ್ವೆ ಪರೀಕ್ಷೆ ಪಾಸು ಮಾಡಿದಾಗ ಊರಿನಲ್ಲಿ ನಕ್ಕವರೇ ಹೆಚ್ಚು. ಆ ಊರಿಗೆ ರೈಲೇ ಇರಲಿಲ್ಲ. ಅವಳಾದರೂ ರೈಲು ಹತ್ತಿದ್ದು ಒಂದೇ ಸಲ, ಹುಬ್ಬಳ್ಳಿಗೆ ಪರೀಕ್ಷೆ ಬರೆಯಲು ಹೋದಾಗ. ಹಾಗಿದ್ದವಳು ೧೯೭೬ರಲ್ಲಿ ತುಮಕೂರಿನಲ್ಲಿ, ಹಳಿಗಳ ಉಸ್ತುವಾರಿ ನೋಡುವ ಇನ್‌ಸ್ಪೆಕ್ಟರ ಕಚೇರಿಗೆ ಗುಮಾಸ್ತೆಯಾಗಿ ಸೇರಿದಳು. ಅಲ್ಲಿದ್ದ ಹೆಂಗಸು ಅವಳೊಬ್ಬಳೇ.

ಮೂರು ವರ್ಷ ಕಳೆದ ಮೇಲೆ ರೈಲ್ವೆಯ ದೊಡ್ಡ ಆಫೀಸಿನಿಂದ ಒಂದು ಅಚ್ಚಾದ ನಮೂನೆ ಬಂತು. ಹಳಿಗೆ ತುಕ್ಕು ಹಿಡಿಯುವ ತೊಂದರೆ ನಿಮ್ಮಲ್ಲಿದೆಯೇ, ಇದ್ದರೆ ಎಲ್ಲಿ, ಎಷ್ಟು ಎಂದು ಎಲ್ಲ ಕಚೇರಿಗಳಿಗೂ ಕೇಳಿದ್ದರು. ಹಳಿ ನೋಡಿಕೊಳ್ಳುವ ಹನ್ನೊಂದು ಗ್ಯಾಂಗುಗಳಿಗೆ ಕಾಗದ ಹೋಯಿತು. ವಾರದೊಳಗೆ ಹನ್ನೊಂದೂ ವಾಪಸು ಬಂದವು. ಎಲ್ಲದರಲ್ಲೂ ಒಂದೇ ಮಾತು: ‘ಇಲ್ಲ’.

"ಟೈಪ್ ಮಾಡಿ ಕಳಿಸಿಬಿಡಮ್ಮ, ಒಂದು ಕೆಲಸ ಮುಗೀತು," ಎಂದರು ಇನ್‌ಸ್ಪೆಕ್ಟರ್ ನರಸಿಂಹಯ್ಯ.

ಕೌಸಲ್ಯ ಟೈಪ್‌ರೈಟರಿಗೆ ಕಾಗದ ಸಿಕ್ಕಿಸಿದಳು. ಆದರೆ ಕೈ ಓಡಲಿಲ್ಲ. ಮನೆಯ ಬಾವಿಯ ರಾಟೆಗೇ ವರ್ಷಕ್ಕೊಂದು ಸಲ ತುಕ್ಕು ಕೆರೆಯಬೇಕು; ಮಳೆ ಬಿಸಿಲು ತಿನ್ನುತ್ತಾ ಬಿದ್ದಿರುವ ಇಷ್ಟುದ್ದದ ಕಬ್ಬಿಣಕ್ಕೆ ಒಂದು ಕಡೆಯೂ ಇಲ್ಲವೆಂದರೆ ನಂಬುವುದು ಹೇಗೆ? ಒಂದು ದಿನ ರಜ ಕೇಳಿ, ಬೆಳಗಿನ ಪ್ಯಾಸೆಂಜರ್ ಹತ್ತಿ ಗುಬ್ಬಿಗೆ ಹೋದಳು.

ಗುಬ್ಬಿ ಗ್ಯಾಂಗಿನ ಕೀಮ್ಯಾನ್ ಮುದ್ದಯ್ಯ ಇಪ್ಪತ್ತಾರು ವರ್ಷದಿಂದ ಒಂದೇ ಹಾದಿಯಲ್ಲಿ ನಡೆದವರು. ದಿನವೂ ಸುತ್ತಿಗೆ ಹಿಡಿದು ಹಳಿಯ ಪಕ್ಕದಲ್ಲಿ ಹೋಗುತ್ತಾ, ಸಡಿಲವಾದ ಕೀಲುಗಳನ್ನು ಬಡಿದು ಬಿಗಿ ಮಾಡುವುದು ಅವರ ಕೆಲಸ. ಕೌಸಲ್ಯ ನೇರವಾಗಿಯೇ ಕೇಳಿದಳು.

"ತುಕ್ಕಿಲ್ಲ ಅಂತ ಬರೆಸಿದೀರಲ್ಲ ಮುದ್ದಯ್ಯನವರೇ, ನಿಜವಾಗ್ಲೂ ಇಲ್ವಾ?"

ಮುದ್ದಯ್ಯ ಅತ್ತಿತ್ತ ನೋಡಿದರು. "ಐತೆ ಅಂದ್ರೆ ಇಷ್ಟ್ ದಿನ ಏನ್ಲಾ ಮಾಡ್ತಿದ್ದೆ ಅಂತಾರೆ ಅಮ್ಮಾವ್ರೇ. ಇಲ್ಲ ಅಂದ್ರೆ ಯಾರೂ ಏನೂ ಕೇಳಕಿಲ್ಲ. ನೀವೇ ಯೋಳಿ, ಯಾವ್ದು ಬರೆಸ್ಲಿ?"

ಕೌಸಲ್ಯ ಕೈಲಿದ್ದ ಕಾಗದ ಮಡಿಸಿ ಚೀಲಕ್ಕೆ ಹಾಕಿದಳು. "ಹೋಗ್ಲಿ ಬಿಡಿ. ದಿನಾ ನಡೀತೀರಲ್ಲ, ಯಾವ ಜಾಗಕ್ಕೆ ಬಂದ್ರೆ ನಿಮಗೆ ಭಯ ಆಗುತ್ತೆ?" ಎಂದಳು.

ಮುದ್ದಯ್ಯ ಸುತ್ತಿಗೆ ಹಿಡಿದು ಎದ್ದು ನಡೆದರು. ಒಂದು ಮೈಲಿ ದೂರದಲ್ಲಿ ಗದ್ದೆಯ ನೀರು ಸದಾ ಜಿನುಗಿ ಜಲ್ಲಿಯೆಲ್ಲ ಕೆಸರಾಗಿದ್ದ ಕಡೆ ನಿಂತರು. ಮೇಲಿನಿಂದ ನೋಡಿದರೆ ಹಳಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಅವರು ಮಂಡಿಯೂರಿ ಹಳಿಯ ಬುಡದ ಕೆಸರು ಬಾಚಿ, ಸುತ್ತಿಗೆಯ ತುದಿಯಿಂದ ಮೆಲ್ಲಗೆ ಕೆರೆದರು. ಕಬ್ಬಿಣ ಹಪ್ಪಳದ ಹಾಗೆ ಪದರ ಪದರವಾಗಿ ಉದುರಿತು.

"ಸ್ಟೇಷನ್ನಾಗೂ ಇಂಗೇಯ," ಎಂದರು ಮುದ್ದಯ್ಯ. "ಗಾಡಿ ನಿಂತಾಗ ಕಕ್ಕಸ್ಗೆ ಓಗ್ಬ್ಯಾಡಿ ಅಂತ ಬೋರ್ಡ್ ಆಕವ್ರೆ. ಯಾರ್ ಕೇಳ್ತಾರೆ? ಆ ನೀರೆಲ್ಲಾ ಹಳಿ ಬುಡಕ್ಕೇ ಅಲ್ವಾ."

ಅಂದು ಸಂಜೆಯೇ ಕೌಸಲ್ಯ ಗ್ಯಾಂಗುಗಳಿಗೆಂದು ಕನ್ನಡದಲ್ಲಿ ಹೊಸ ಕಾಗದ ಬರೆದಳು. ಯಾವ ಜಾಗದಲ್ಲಿ ಕೀಲು ಬೇಗ ಸಡಿಲವಾಗುತ್ತದೆ, ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ನಿಮಗೆ ಭಯ? ಇಷ್ಟೇ. ಹೇಳಿದವರ ಹೆಸರು ಬರೆಯಲು ಜಾಗವನ್ನೇ ಇಡಲಿಲ್ಲ.

ನರಸಿಂಹಯ್ಯನವರು ಓದಿ ಹುಬ್ಬು ಗಂಟಿಕ್ಕಿದರು. "ದೊಡ್ಡ ಆಫೀಸಿನವ್ರು ಕೇಳಿರೋದೇ ಒಂದು, ನೀನು ಕೇಳ್ತಿರೋದೇ ಒಂದು. ಹೆಸರೂ ಇಲ್ಲ. ನಾಳೆ ತಪ್ಪು ಅಂತಾದ್ರೆ ಯಾರನ್ನ ಹಿಡಿಯೋದಮ್ಮ?"

"ಹಿಡೀತಾರೆ ಅನ್ನೋ ಭಯಕ್ಕೇ ಸಾರ್ ಹನ್ನೊಂದು ‘ಇಲ್ಲ’ ಬಂದಿರೋದು," ಎಂದಳು ಕೌಸಲ್ಯ. "ಒಂದ್ಸಲ ಗುಬ್ಬಿಗೆ ಬಂದು ನೀವೇ ನೋಡಿ."

ಮರುದಿನ ಇನ್‌ಸ್ಪೆಕ್ಟರು ಹಳಿಯ ಮೇಲೆ ತಳ್ಳಿಕೊಂಡು ಹೋಗುವ ಟ್ರಾಲಿ ಹೊರಡಿಸಿದರು. ಮುದ್ದಯ್ಯ ಜಾಗ ತೋರಿಸಿದರು. ನರಸಿಂಹಯ್ಯ ತಾವೇ ಕೂತು ಕೆರೆದು, ದಪ್ಪ ಅಳೆಯುವ ಇಕ್ಕಳ ಹಿಡಿದು ನೋಡಿದರು. ಬುಡದ ಅಂಚು ಅರ್ಧಕ್ಕೆ ಸವೆದಿತ್ತು.

"ಇದರ ಮೇಲೆ ನೂರು ಸಲ ಟ್ರಾಲಿಯಲ್ಲಿ ಹೋಗಿದೀನಿ," ಎಂದರು. ಆಮೇಲೆ ಮುದ್ದಯ್ಯನವರ ಭುಜದ ಮೇಲೆ ಕೈಯಿಟ್ಟು, "ನಿಮ್ಮ ಮೇಲೆ ಒಂದು ಮಾತೂ ಬರಲ್ಲ. ಬಂದ್ರೆ ನನ್ನ ಮೇಲೆ ಬರ್ಲಿ," ಎಂದರು. ಅಲ್ಲಿ ರೈಲುಗಳು ನಿಧಾನವಾಗಿ ಹೋಗಬೇಕೆಂದು ಅಂದೇ ಆಜ್ಞೆಯಾಯಿತು. ತಿಂಗಳೊಳಗೆ ಹೊಸ ಹಳಿ ಬಿತ್ತು.

ಕೌಸಲ್ಯಳ ಕಾಗದ ಹನ್ನೊಂದು ಗ್ಯಾಂಗುಗಳಿಗೂ ಹೋಯಿತು. ಓದು ಬಾರದವರ ಬಳಿ ಅವಳೇ ಹೋಗಿ ಕೇಳಿ ಬರೆದುಕೊಂಡಳು. ನಲವತ್ತಮೂರು ಜಾಗಗಳ ಹೆಸರು ಬಂತು. ಹೋಗಿ ನೋಡಿದಾಗ ಮೂವತ್ತೆಂಟು ಕಡೆ ನಿಜವಾಗಿಯೂ ತುಕ್ಕಿತ್ತು.

೧೯೮೧ರಲ್ಲಿ ದೊಡ್ಡ ಆಫೀಸಿನವರು ಅವಳನ್ನು ಕರೆಸಿದರು. ಬೇರೆ ಬೇರೆ ಊರುಗಳ ಇಂಜಿನಿಯರುಗಳು ತುಂಬಿದ್ದ ಕೋಣೆ. ಅದೇ ಬಗೆಯ ಕಾಗದವನ್ನು ಎಲ್ಲ ಕಡೆಗೂ, ಆಯಾ ಊರಿನ ಭಾಷೆಯಲ್ಲಿ ಕಳಿಸುವುದೆಂದು ತೀರ್ಮಾನವಾಯಿತು. ಹಿರಿಯರೊಬ್ಬರು ಎದ್ದು, ಈ ಪ್ರಶ್ನೆಗಳನ್ನು ರೂಪಿಸಿದವರು ಯಾರು ಎಂದು ಕೇಳಿದರು.

ಕೌಸಲ್ಯ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಗುಬ್ಬಿ ಕೀಮ್ಯಾನ್ ಮುದ್ದಯ್ಯನವರು ಮತ್ತು ನಾನು, ಸಾರ್."