ಕಣ್ಣಿಲ್ಲದೆ ಬಂದ ಅಲೆ

ಮಗಳ ಕೆಲಸ ಎಂಥದ್ದೆಂದು ನೆಂಟರಿಗೆ ತಿಳಿಸುವುದೇ ಉಣಕಲ್ಲಿನ ಹಾಜರಾಬಿಗೆ ಒಂದು ಕೆಲಸವಾಗಿತ್ತು. ಮಗಳು ಯಾಸ್ಮಿನ ಧಾರವಾಡದ ಒಂದು ಸಂಶೋಧನಾ ಕೇಂದ್ರದಲ್ಲಿ ಆಕ್ಟೋಪಸ್ಸಿನ ಕಣ್ಣನ್ನು ಅಭ್ಯಾಸ ಮಾಡುತ್ತಿದ್ದಳು.

"ಕಣ್ಣಿನ ಡಾಕ್ಟರ್ ಏನ್ರಿ ನಿಮ್ಮ ಮಗಳು?" ಎಂದು ಯಾರಾದರೂ ಕೇಳಿದರೆ ಹಾಜರಾಬಿ, "ಹೌದ್ರಿ, ಆದ್ರ ಮನಷ್ಯಾರು ಹೋಗೂಹಂಗಿಲ್ಲ" ಎಂದುಬಿಡುತ್ತಿದ್ದಳು.

ಕಾರವಾರದಿಂದ ಮಂಜುಗಡ್ಡೆಯ ಡಬ್ಬಿಯಲ್ಲಿ ಕಣ್ಣುಗಳು ಬಸ್ಸು ಹತ್ತಿ ಬರುತ್ತಿದ್ದವು. ಯಾಸ್ಮಿನ ಕತ್ತಲೆಕೋಣೆ ಸೇರಿ, ಕಣ್ಣಿನ ಒಳಪರದೆಯನ್ನು ಬಿಡಿಸಿ, ಉಪ್ಪುನೀರಿನ ಬಟ್ಟಲಲ್ಲಿಟ್ಟು, ಬೆಳ್ಳಿಯ ತಂತಿ ತಾಗಿಸಿ, ದೀಪ ಮಿಂಚಿಸುತ್ತಿದ್ದಳು. ಬೆಳಕು ಬಿದ್ದೊಡನೆ ಆ ಪರದೆಯಲ್ಲಿ ಹುಟ್ಟುವ ಚೂರು ವಿದ್ಯುತ್ತು ಕಂಪ್ಯೂಟರಿನ ಮೇಲೆ ಅಲೆಯಾಗಿ ಏಳಬೇಕು. ತಿಂಗಳುಗಟ್ಟಲೆ ಅದು ಏಳಲಿಲ್ಲ.

ಒಂದು ಮಧ್ಯಾಹ್ನ ಎದ್ದಿತು, ಈಳಿಗೆಯ ಅಲಗಿನಂತೆ ಚೂಪಾಗಿ! ಯಾಸ್ಮಿನ ಓಡಿ ಹೊರಬಂದಳು. ಬಿಸಿಲಿಗೆ ಕಣ್ಣು ಕಾಣದೆ ಬಾಗಿಲಿಗೆ ಡಿಕ್ಕಿ ಹೊಡೆದಳು. ಆದರೂ ಎಲ್ಲರಿಗೂ ಮಂಡಕ್ಕಿಯ ಗಿರ್ಮಿಟ್ ತರಿಸಿದಳು.

ಮಾರ್ಗದರ್ಶಕಿ ನೀಲಾ ಮೇಡಂ ಗಿರ್ಮಿಟ್ ತಿನ್ನುತ್ತಲೇ, "ಛಲೋ ಆತು. ಬರೇ ಉಪ್ಪುನೀರಿಟ್ಟು ನೋಡಿಯೇನು?" ಎಂದರು.

"ಅದರಾಗ ಕಣ್ಣ ಇರೂದಿಲ್ಲಲ್ರಿ, ಏನ ನೋಡ್ಲಿ?"

"ಅದನ್ನ ನೋಡು."

ನೋಡಿದಳು. ಬಟ್ಟಲಲ್ಲಿ ಕಣ್ಣಿರಲಿಲ್ಲ, ಅಲೆ ಮಾತ್ರ ಅದೇ ಠೀವಿಯಿಂದ ಎದ್ದಿತು. ಬೆಳಕು ತಂತಿಗೇ ಬೀಳುತ್ತಿತ್ತು. ಬೆಳ್ಳಿಯೇ ವಿದ್ಯುತ್ತು ಹುಟ್ಟಿಸಿತ್ತು.

"ನಿನ್ನ ತಂತಿಗೆ ದೃಷ್ಟಿ ಛಲೋ ಐತಿ ನೋಡು, ಚಷ್ಮಾ ಬ್ಯಾಡ" ಎಂದ ಜೊತೆಗಾರ ವಿನೋದ.

ಯಾಸ್ಮಿನ ಮುಖ ಊದಿಸಿಕೊಂಡು ಉಣಕಲ್ಲಿಗೆ ಹೋದಳು. ಎಲ್ಲ ಕೇಳಿದ ಹಾಜರಾಬಿ, "ಗಿರ್ಮಿಟ್ ತಿಂದವ್ರೇನು ಅಳಾಕತ್ತಿಲ್ಲಲ್ಲ? ನೀ ಯಾಕ ಅಳತಿ?" ಎಂದಳು. ಅದಕ್ಕೆ ಯಾಸ್ಮಿನಳಿಗೆ ಸಿಟ್ಟೂ ಬಂತು, ನಗುವೂ ಬಂತು.

ಮರುವಾರ ತಂತಿಗೆ ಕಪ್ಪು ಕೊಳವೆ ತೊಡಿಸಿ, ಮೊದಲು ಬರೀ ಉಪ್ಪುನೀರಿಗೆ ಬೆಳಕು ಬಿಟ್ಟಳು. ಗೆರೆ ಅಲುಗಲಿಲ್ಲ. ಆಮೇಲೆ ಹೊಸ ಕಣ್ಣಿನ ಪರದೆ ಇಟ್ಟಳು. ಒಂದು ಅಲೆ ಎದ್ದಿತು: ಮೆಲ್ಲಗೆ, ಮಲಗಿದ ಎಮ್ಮೆಯ ಬೆನ್ನಿನಂತೆ ಗುಂಡಗೆ. ದೀಪ ಮುಚ್ಚಿದಳು, ಇಲ್ಲ. ತೆರೆದಳು, ಬಂತು. ಈ ಸಲ ಅವಳು ಓಡಲಿಲ್ಲ. ಕತ್ತಲಲ್ಲೇ ಕೂತು ಅದನ್ನು ಮತ್ತೆ ಮತ್ತೆ ನೋಡಿದಳು.

ನೀಲಾ ಮೇಡಂ ಹೊರಗಿನಿಂದ, "ಬಂತೇನು?" ಎಂದರು.

"ಬಂತ್ರಿ. ಖರೇನ ಕಣ್ಣಿಂದ ಬಂತ್ರಿ!"

ಹೊಸಬರು ಮೊದಲು ಬರೀ ಉಪ್ಪುನೀರಿನ ಬಟ್ಟಲನ್ನು ಪರೀಕ್ಷಿಸುವುದಕ್ಕೆ ಈಗ ಅಲ್ಲಿ 'ಯಾಸ್ಮಿನ ಮಾಡೂದು' ಎಂದೇ ಹೆಸರು. ಮೊದಮೊದಲು ಅವಳು ಹುಬ್ಬು ಗಂಟಿಕ್ಕುತ್ತಿದ್ದಳು. ಈಗ ಯಾರಾದರೂ ಮರೆತರೆ, "ಯಾಸ್ಮಿನ ಮಾಡಿಯೇನು?" ಎಂದು ಅವಳೇ ಗದರಿಸುತ್ತಾಳೆ.