ಕಾಲ ಎಂದರೆ ನಿನ್ನೆ

ಮೂರು ವರ್ಷಗಳ ಹಿಂದಿನ ಕಬ್ಬಿನ ಹಂಗಾಮು. ಗದಗಿನ ಕಡೆಯವಳಾದ ನಾನು ಚಿಕ್ಕೋಡಿ ತಾಲ್ಲೂಕಿನ ಒಂದು ಆರೋಗ್ಯ ಕೇಂದ್ರಕ್ಕೆ ಸ್ಟಾಫ್ ನರ್ಸ್ ಆಗಿ ಬಂದು ಎರಡು ತಿಂಗಳಾಗಿತ್ತು. ನನ್ನ ಮರಾಠಿ ಅರೆಬರೆ. ಒಂಬತ್ತು ವರ್ಷದ ಮಗಳು ಶೀಬಾ ಮಾತ್ರ ಓಣಿಯ ಗೆಳತಿಯರಿಂದ ಆಗಲೇ ಪಟಪಟ ಕಲಿತಿದ್ದಳು.

ಒಂದು ಶನಿವಾರ ಮಧ್ಯಾಹ್ನ ಕಬ್ಬು ಕಡಿಯುವ ಗ್ಯಾಂಗಿನ ಹೆಣ್ಣುಮಗಳೊಬ್ಬಳು, ತಲೆಗೆ ಸ್ಕಾರ್ಫ್ ಸುತ್ತಿದ್ದ ಮಗುವನ್ನು ಎತ್ತಿಕೊಂಡು ಬಂದಳು. “ಕಾಲ ಕುತ್ರಾ ಚಾವಲಾ, ಬಾಯೀ,” ಎಂದಳು ಮರಾಠಿಯಲ್ಲಿ. ನಾಯಿ ಕಚ್ಚಿದೆ ಎಂದು ತಿಳಿಯಿತು. ಕಾಲು ನೋಡಿದೆ, ಸಣ್ಣ ತರಚು ಗಾಯವಿತ್ತು. ಮೀಟಿಂಗಿಗೆ ಹೋಗಿದ್ದ ಡಾಕ್ಟರಿಗೆ ಫೋನಿನಲ್ಲಿ ಹಾಗೆಯೇ ಹೇಳಿದೆ. ರೇಬೀಸ್ ಲಸಿಕೆ ಸಾಕೆಂದರು. ರಕ್ತ ಬರುವಂತೆ ಕಚ್ಚಿದ್ದರೆ ಗಾಯದ ಸುತ್ತ ಸೀರಮ್ ಚುಚ್ಚುಮದ್ದು ಕೂಡ ಕೊಡಬೇಕಾಗುತ್ತದೆ. ತಾಯಿ ಇನ್ನೂ ಏನೋ ಹೇಳುತ್ತಿದ್ದಳು. ಸಾಲು ಉದ್ದವಿತ್ತು, ಲಸಿಕೆ ಹಾಕಿ ಸಾಗಹಾಕಿದೆ.

ಸಂಜೆ ಚಹಾ ಕುಡಿಯುತ್ತ ಇದನ್ನು ಹೇಳಿದರೆ ಶೀಬಾ ನಕ್ಕಳು. “ಮಮ್ಮಿ, ಕಾಲ ಅಂದ್ರ ಕಾಲಲ್ಲ, ನಿನ್ನೆ!”

ಚಹಾದ ಕಪ್ ಕೆಳಗಿಟ್ಟೆ. ಹಾಗಾದರೆ ಕಚ್ಚಿದ್ದೆಲ್ಲಿ? ರೇಬೀಸ್ ಒಮ್ಮೆ ಕಾಣಿಸಿಕೊಂಡರೆ ಮದ್ದಿಲ್ಲ. ಅವರ ಫೋನ್ ನಂಬರ್ ಇರಲಿಲ್ಲ, ರಿಜಿಸ್ಟರಿನಲ್ಲಿ ‘ಯಡೂರು ರಸ್ತೆ’ ಎಂದಷ್ಟೇ ಬರೆದಿದ್ದೆ. ಶೀಬಾಳನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಹೊರಟೆ. ಕಬ್ಬು ಕಡಿಯುವವರ ಮೊದಲ ಬಿಡಾರದಲ್ಲಿ ಒಲೆಯ ಬೂದಿ ಬಿಟ್ಟರೆ ಯಾರೂ ಇಲ್ಲ. “ಕರ್ತನೇ, ಆ ಮಗುವನ್ನು ತೋರಿಸು” ಎಂಬುದನ್ನು ಬಿಟ್ಟು ಬೇರೆ ಪ್ರಾರ್ಥನೆ ಬಾಯಿಗೆ ಬರಲಿಲ್ಲ.

ಹೊತ್ತು ಮುಳುಗುವ ಮುನ್ನ ಎರಡನೇ ಬಿಡಾರದಲ್ಲಿ ಸಿಕ್ಕರು. ಸ್ಕಾರ್ಫ್ ಬಿಚ್ಚಿದೆ. ಕಿವಿಯ ಹಿಂದೆ, ಅರಿಶಿನದಡಿ, ಆಳವಾದ ಎರಡು ಹಲ್ಲಿನ ಗುರುತು. ತಲೆಯ ಕಡಿತವೇ ಎಲ್ಲಕ್ಕಿಂತ ಅಪಾಯ.

ಮಗುವಿನ ಅಪ್ಪ ಸಿಟ್ಟಿನಿಂದ ಏನೋ ಕೇಳಿದ. “ಆಗ ಯಾಕ ನೋಡ್ಲಿಲ್ಲ ಅಂತ ಕೇಳಾಕತ್ತಾರ,” ಎಂದಳು ಶೀಬಾ.

“ನೀವ ತೋರಿಸ್ಲಿಲ್ಲ ಅಂತ ಹೇಳ.”

ಅವಳು ನನ್ನ ಮುಖ ನೋಡಿದಳು. “ಹಂಗ ಹೇಳ್ಲೇನ ಮಮ್ಮಿ?”

ಅದೇ ವಾರ ಅವಳು ಸಂಡೇ ಸ್ಕೂಲಿನ ಗಾಜಿನ ಹೂದಾನಿ ಒಡೆದು ಮುಚ್ಚಿಟ್ಟಿದ್ದಳು. ದೇವರು ನೋಡುತ್ತಾನೆಂದು ಗದರಿಸಿ, ಎಲ್ಲರೆದುರು ತಪ್ಪು ಒಪ್ಪಿಸಿದ್ದೆ.

“ಬ್ಯಾಡವಾ. ನಮ್ಮ ಮಮ್ಮೀದ ತಪ್ಪು ಅಂತ ಹೇಳ.”

“ಮಾಝ್ಯಾ ಮಮ್ಮೀಚೀ ಚೂಕ್ ಝಾಲೀ,” ಎಂದು ಹೇಳಿದಳು, ಮೆಲ್ಲಗೆ. ನಾನು ಕೈ ಮುಗಿದೆ.

ಅಂಬ್ಯುಲೆನ್ಸ್ ಕರೆಸಿ ಚಿಕ್ಕೋಡಿಗೆ ಕರೆದೊಯ್ದೆವು. ಅಂದೇ ಸೀರಮ್ ಕೊಟ್ಟರು. ಡಾಕ್ಟರಿಗೂ ಇದ್ದದ್ದನ್ನು ಇದ್ದಂತೆ ಹೇಳಿದೆ. ಆದರೂ ಮುಂದಿನ ಹಂಗಾಮಿನಲ್ಲಿ ಆ ಮಗು ಓಡಿಬರುವುದನ್ನು ಕಾಣುವತನಕ ನನ್ನ ಅಂಜಿಕೆ ಹೋಗಲಿಲ್ಲ.

ರೋಗಿಯ ಮಾತು ಮುಗಿಯದೆ ಈಗ ಯಾರನ್ನೂ ಸಾಗಹಾಕುವುದಿಲ್ಲ. ಕೆಲಸ ಅದನ್ನು ಕಲಿಸಿತು. ಇನ್ನೊಂದನ್ನು ಶೀಬಾ ಕಲಿಸಿದಳು. ಅಂದು ಮರಳುವಾಗ, “ತಪ್ಪು ಹೇಳೂವಾಗ ಅಂಜಿಕಿ ಬಂತೇನ?” ಎಂದು ಕೇಳಿದಳು.

“ಭಾಳ ಬಂತು.”

“ಸಂಡೇ ಸ್ಕೂಲಿನ್ಯಾಗ ನನಗೂ ಬಂದಿತ್ತು. ನೀ ಕೇಳ್ಲೇ ಇಲ್ಲ.”